ರಜೆಯ ದಿನದ ಶುಲ್ಕ: ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರ ಲೆಕ್ಕ ಹೇಗಿರಬೇಕು?

ಗಂಡ ಹೆಂಡತಿ ಇಬ್ಬರೂ ಬೆಳಗ್ಗಿನ ಗಾಡಿ ಹಿಡಿದು ಮಂಗಳೂರಿಗೋ ಕಾಸರಗೋಡು ಪೇಟೆಗೋ ಕೆಲಸಕ್ಕೆ ಹೋಗುವ ಮನೆಗಳು ಹೆಚ್ಚಾದಂತೆಲ್ಲ, ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಊರುಗಳಲ್ಲಿ ತಮ್ಮ ಮನೆಯ ಚಾವಡಿಯಲ್ಲೇ ನೆರೆಕರೆಯ ಮಕ್ಕಳನ್ನು ಸಂಜೆಯವರೆಗೆ ನೋಡಿಕೊಳ್ಳುವ ಮಹಿಳೆಯರ ಅಗತ್ಯವೂ ಹೆಚ್ಚಿದೆ. ಇವರು ಅಂಗನವಾಡಿ ಕಾರ್ಯಕರ್ತೆಯರಲ್ಲ, ಯಾವುದೇ ಸಂಸ್ಥೆಯ ನೌಕರರೂ ಅಲ್ಲ. ಮೂರೋ ನಾಲ್ಕೋ ಮಕ್ಕಳ ಊಟ, ನಿದ್ದೆ, ಆಟ, ಜ್ವರ, ಅಳು ಎಲ್ಲದರ ಹೊಣೆ ಹೊತ್ತು, ತಿಂಗಳಿಗೆ ಇಷ್ಟು ಎಂದು ಹೆತ್ತವರಿಂದ ನೇರವಾಗಿ ಹಣ ಪಡೆಯುವ ಸ್ವಉದ್ಯೋಗಿಗಳು. ಇವರ ಮತ್ತು ಹೆತ್ತವರ ನಡುವೆ ಬೇರೆಲ್ಲ ವಿಷಯಗಳೂ ಮಾತಿನಲ್ಲೇ ಬಗೆಹರಿಯುತ್ತವೆ. ಆದರೆ ತಿಂಗಳ ಕೊನೆಗೆ ಒಂದು ಪ್ರಶ್ನೆ ಮಾತ್ರ ಮತ್ತೆ ಮತ್ತೆ ಎದುರಾಗುತ್ತದೆ. ಸಾರ್ವಜನಿಕ ರಜೆಯಂದು ಮಗು ಬರಲಿಲ್ಲ, ಆ ದಿನದ ಹಣ ಕೊಡಬೇಕೇ?

ಹೆತ್ತವರ ಕಡೆಯಿಂದ ನೋಡಿದರೆ ಈ ಪ್ರಶ್ನೆ ಸಹಜ. ಓಣಂ ಬಂದ ತಿಂಗಳಲ್ಲಿ ಐದು ದಿನ ಬಾಗಿಲು ಮುಚ್ಚಿತ್ತು, ಆದರೂ ಪೂರ್ತಿ ಹಣ ಏಕೆ ಎಂದು ಕೇಳುವವರು ಜಿಪುಣರೇ ಆಗಿರಬೇಕಾಗಿಲ್ಲ. ನೋಡಿಕೊಳ್ಳುವವರ ಕಡೆಯಿಂದ ನೋಡಿದರೆ ಉತ್ತರವೂ ಅಷ್ಟೇ ಸಹಜ: ಬಾಡಿಗೆ, ಗ್ಯಾಸ್, ಸಹಾಯಕ್ಕೆ ಬರುವ ಹುಡುಗಿಯ ಸಂಬಳ, ಇವು ಯಾವುವೂ ರಜೆಯ ದಿನಕ್ಕೆಂದು ನಿಲ್ಲುವುದಿಲ್ಲ, ಕಚೇರಿಗೆ ಹೋಗುವ ಹೆತ್ತವರಿಗೆ ಅದೇ ರಜೆಯ ದಿನದ ಸಂಬಳ ಸಿಕ್ಕಿರುತ್ತದೆ, ಹಾಗಿರುವಾಗ ಅವರು ಕೆಲಸಕ್ಕೆ ಹೋಗುವುದನ್ನು ಸಾಧ್ಯವಾಗಿಸಿದವರಿಗೆ ಮಾತ್ರ ಏಕೆ ಇಲ್ಲ? ಎರಡು ಮಾತಿನಲ್ಲೂ ನ್ಯಾಯವಿದೆ. ಆದರೆ ಎರಡೂ ತಪ್ಪು ಸಮಯದಲ್ಲಿ ಆಡಿದ ಮಾತುಗಳು ಎಂಬುದು ನನ್ನ ಅಭಿಪ್ರಾಯ. ರಜೆಯ ದಿನದ ಹಣವನ್ನು ತೀರ್ಮಾನಿಸಬೇಕಾದದ್ದು ರಜೆ ಕಳೆದ ಮೇಲಲ್ಲ, ಮಗುವನ್ನು ಸೇರಿಸಿಕೊಂಡು ಶುಲ್ಕ ನಿಗದಿ ಮಾಡುವ ದಿನ.

ಮೊದಲು ಕಾನೂನು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ನೋಡಬೇಕು. ಕೇರಳದಲ್ಲಿ 1958ರ ಮತ್ತು ಕರ್ನಾಟಕದಲ್ಲಿ 1963ರ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಗಳು ನೌಕರರಿಗೆ ಸಂಬಳಸಹಿತ ರಜೆ ಕೊಡಬೇಕೆಂದು ಮಾಲೀಕರಿಗೆ ವಿಧಿಸುತ್ತವೆ. ಕರ್ನಾಟಕದ ಕಾಯ್ದೆಯಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಅಲ್ಲದೆ ಇನ್ನೂ 5 ಹಬ್ಬದ ರಜೆಗಳಿವೆ. ರಜೆಯಂದು ಕೆಲಸ ಮಾಡಿಸಿದರೆ ಇಮ್ಮಡಿ ಸಂಬಳ, ಇಲ್ಲವೇ ಆ ದಿನದ ಸಂಬಳದ ಜೊತೆಗೆ ಇನ್ನೊಂದು ದಿನ ಬದಲಿ ರಜೆ ಎಂಬುದು ಎರಡೂ ರಾಜ್ಯಗಳ ಕಾಯ್ದೆಗಳ ತತ್ತ್ವ. ಆದರೆ ಇವೆಲ್ಲ ಮಾಲೀಕ ಮತ್ತು ನೌಕರರ ಸಂಬಂಧಕ್ಕೆ ಮಾತ್ರ ಅನ್ವಯಿಸುತ್ತವೆ. ತನ್ನ ಮನೆಯಲ್ಲಿ ಹಲವು ಮನೆಗಳ ಮಕ್ಕಳನ್ನು ನೋಡಿಕೊಳ್ಳುವ ಮಹಿಳೆಗೆ ಹೆತ್ತವರು ಮಾಲೀಕರಲ್ಲ, ಗ್ರಾಹಕರು. ಆದ್ದರಿಂದ ಈ ಕಾಯ್ದೆಗಳನ್ನು ತೋರಿಸಿ ಆಕೆ ರಜೆಯ ಹಣ ಕೇಳಲಾಗದು. ಹಾಗೆಯೇ ರಜೆಯ ಹಣ ಪಡೆಯಕೂಡದೆಂದು ಆಕೆಯನ್ನು ತಡೆಯುವ ಕಾನೂನೂ ಇಲ್ಲ. ಉಳಿಯುವುದು 1872ರ ಭಾರತೀಯ ಕರಾರು ಕಾಯ್ದೆ. ಅಂದರೆ ಇಬ್ಬರೂ ಮನಸಾರೆ ಒಪ್ಪಿದ ಮಾತೇ ಕರಾರು. ಬಾಯಿಮಾತಿನ ಕರಾರಿಗೂ ಬೆಲೆಯುಂಟು. ಆದರೆ ಅರ್ಥ ಖಚಿತವಿಲ್ಲದ ಕರಾರು ಅದೇ ಕಾಯ್ದೆಯ 29ನೇ ಕಲಮಿನಂತೆ ನಿಲ್ಲುವುದಿಲ್ಲ. "ರಜೆಯ ವಿಷಯ ಆಮೇಲೆ ನೋಡಿಕೊಳ್ಳೋಣ" ಎಂಬ ಮಾತು ಇದೇ ಬಗೆಯದು.

ಮಗುವಿನ ಮನೆಗೇ ಬಂದು, ಅಲ್ಲಿಯವರು ಹೇಳಿದ ಹೊತ್ತಿಗೆ, ಅವರು ಹೇಳಿದ ರೀತಿಯಲ್ಲಿ, ಆ ಒಂದು ಮನೆಯಲ್ಲಷ್ಟೇ ಕೆಲಸ ಮಾಡುವವರ ಸ್ಥಿತಿ ಬೇರೆ. ಅವರನ್ನು ಸ್ವಉದ್ಯೋಗಿ ಎಂದು ಕರೆದು ರಜೆಯ ಹಣ ತಪ್ಪಿಸುವುದು ನ್ಯಾಯವಲ್ಲ. ಅದು ಮನೆಗೆಲಸದವರ ಸಂಬಳದ ಪ್ರಶ್ನೆ, ಇಲ್ಲಿನ ಚರ್ಚೆಗೆ ಸೇರಿದ್ದಲ್ಲ.

ಬ್ರಿಟನ್ನಿನಲ್ಲಿ ಈ ಉದ್ಯೋಗಕ್ಕೆ ಚೈಲ್ಡ್‌ಮೈಂಡರ್ ಎಂಬ ಹೆಸರಿದೆ, ನೋಂದಣಿಯಿದೆ, ತಪಾಸಣೆಯಿದೆ. ಇಂಗ್ಲೆಂಡಿನಲ್ಲಿ ಒಬ್ಬರು ಒಂದೇ ಸಮಯದಲ್ಲಿ ಎಂಟು ವರ್ಷದೊಳಗಿನ ಆರು ಮಕ್ಕಳಿಗಿಂತ ಹೆಚ್ಚು ನೋಡಿಕೊಳ್ಳುವಂತಿಲ್ಲ. ಅದರಲ್ಲಿ ಐದು ವರ್ಷದೊಳಗಿನವರು ಸಾಮಾನ್ಯವಾಗಿ ಮೂವರನ್ನು ಮೀರುವಂತಿಲ್ಲ. ಅಷ್ಟು ನಿಯಮಗಳಿರುವ ಆ ದೇಶದಲ್ಲೂ ಸಾರ್ವಜನಿಕ ರಜೆಯ ಶುಲ್ಕವನ್ನು ಸರ್ಕಾರ ನಿಗದಿ ಮಾಡಿಲ್ಲ. ಕಾರ್ಮಿಕರಿಗೆ ವರ್ಷಕ್ಕೆ 5.6 ವಾರಗಳ ಸಂಬಳಸಹಿತ ರಜೆ ಕಾನೂನಿನಂತೆ ಸಿಗುತ್ತದೆ, ಸ್ವಉದ್ಯೋಗಿಗಳಿಗೆ ಅದಿಲ್ಲ. ಹಾಗಾಗಿ ಕೆಲವರು ಪೂರ್ತಿ ಶುಲ್ಕ, ಕೆಲವರು ಅರ್ಧ ಶುಲ್ಕ ಪಡೆಯುತ್ತಾರೆ, ಕೆಲವರು ಏನನ್ನೂ ಪಡೆಯುವುದಿಲ್ಲ. ಯಾವುದಾದರೂ ಸರಿ, ಮಗುವನ್ನು ಸೇರಿಸುವಾಗಲೇ ಬರೆದು ಸಹಿ ಮಾಡಿಸಿಕೊಳ್ಳುತ್ತಾರೆ. ಆ ಮಕ್ಕಳ ಸಂಖ್ಯೆಯ ಮಿತಿಯಲ್ಲಿ ನಮಗೆ ತಿಳಿಯಬೇಕಾದ ಒಂದು ಸಂಗತಿಯಿದೆ. ನೋಡಿಕೊಳ್ಳುವವರು ಮಾರುವುದು ಗಂಟೆಗಳನ್ನಲ್ಲ, ಒಂದು ಜಾಗವನ್ನು. ನಾಲ್ಕು ಮಕ್ಕಳಿಗಷ್ಟೇ ಕೈ ಸಾಲುವ ಮನೆಯಲ್ಲಿ ನಿಮ್ಮ ಮಗುವಿಗೆಂದು ಇಟ್ಟ ಜಾಗವನ್ನು, ನಿಮ್ಮ ಮಗು ಬಾರದ ದಿನ, ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ. ಶಾಲೆಯ ಬಸ್ಸಿನ ಸೀಟಿಗೆ ತಿಂಗಳ ಹಣ ಕಟ್ಟುವವರು ಮಗುವಿಗೆ ಜ್ವರ ಬಂದ ದಿನದ ಹಣವನ್ನು ವಾಪಸು ಕೇಳುವುದಿಲ್ಲ. ಇಲ್ಲಿಯೂ ಅದೇ ನ್ಯಾಯ.

ಈಗ ಲೆಕ್ಕಕ್ಕೆ ಬರೋಣ, ಏಕೆಂದರೆ ಜಗಳದ ಬಹುಪಾಲು ಲೆಕ್ಕ ಮಾಡದೆ ಇರುವುದರಿಂದಲೇ ಹುಟ್ಟುತ್ತದೆ. ವರ್ಷದ 365 ದಿನಗಳಲ್ಲಿ 52 ಭಾನುವಾರಗಳನ್ನು ಕಳೆದರೆ 313 ದಿನಗಳು ಉಳಿಯುತ್ತವೆ. ಅದನ್ನು 12ರಿಂದ ಭಾಗಿಸಿದರೆ 26ಕ್ಕಿಂತ ತುಸು ಹೆಚ್ಚು. ತಿಂಗಳ ಸಂಬಳದಿಂದ ದಿನದ ಸಂಬಳವನ್ನು ತೆಗೆಯಲು 26ರಿಂದ ಭಾಗಿಸುವ ರೂಢಿ ಇಲ್ಲಿಂದ ಬಂದದ್ದು; 1972ರ ಗ್ರಾಚ್ಯುಟಿ ಕಾಯ್ದೆಯ ಲೆಕ್ಕದಲ್ಲೂ ಇದೇ 26 ಇತ್ತು. ಕೇಂದ್ರ ಸರ್ಕಾರದ ಶಿಶುಪಾಲನಾ ಕೇಂದ್ರಗಳ ಯೋಜನೆಯಲ್ಲೂ ಕೇಂದ್ರ ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ ತೆರೆದಿರಬೇಕೆಂದೇ ಇದೆ.

ಲೆಕ್ಕಕ್ಕಾಗಿ ಮಾತ್ರ ಹೀಗೆ ಇಟ್ಟುಕೊಳ್ಳೋಣ. ಒಂದು ಮಗುವಿನಿಂದ ವರ್ಷಕ್ಕೆ 60,000 ರೂಪಾಯಿ ಬಂದರೆ ಖರ್ಚು ಕಳೆದು ತನ್ನ ದುಡಿಮೆಗೆ ತಕ್ಕದ್ದು ಉಳಿಯುತ್ತದೆ ಎಂದು ಒಬ್ಬರು ಲೆಕ್ಕ ಹಾಕಿದ್ದಾರೆ. ಭಾನುವಾರಗಳಲ್ಲದೆ ವರ್ಷಕ್ಕೆ 13 ದಿನ ಬಾಗಿಲು ಮುಚ್ಚುತ್ತಾರೆ. ಹಾಗಾದರೆ ಮಗು ಬರಬಹುದಾದ ದಿನಗಳು 300. ಈ ಹಣವನ್ನು ಪಡೆಯಲು ಎರಡು ದಾರಿಗಳಿವೆ. ತಿಂಗಳಿಗೆ 5,000 ರೂಪಾಯಿಯಂತೆ, ರಜೆ ಎಷ್ಟೇ ಇರಲಿ, ಹನ್ನೆರಡು ತಿಂಗಳೂ ಒಂದೇ ಮೊತ್ತ ಪಡೆಯುವುದು ಒಂದು ದಾರಿ. ರಜೆಯ ದಿನ ಏನನ್ನೂ ಪಡೆಯದೆ, ತೆರೆದಿದ್ದ ದಿನಕ್ಕೆ 200 ರೂಪಾಯಿಯಂತೆ ಪಡೆಯುವುದು ಇನ್ನೊಂದು. ವರ್ಷದ ಕೊನೆಗೆ ಎರಡೂ 60,000 ರೂಪಾಯಿಯೇ. ಎರಡನೆಯ ದಾರಿಯಲ್ಲಿ 27 ಕೆಲಸದ ದಿನಗಳಿರುವ ತಿಂಗಳಿಗೆ ಹೆತ್ತವರು 5,400 ಕೊಡುತ್ತಾರೆ, ಹಬ್ಬಗಳು ಸೇರಿ 21 ದಿನಗಳಷ್ಟೇ ಉಳಿದ ತಿಂಗಳಿಗೆ 4,200 ಕೊಡುತ್ತಾರೆ. ಮೊದಲನೆಯ ದಾರಿಯಲ್ಲಿ ಈ ಏರಿಳಿತ ಇರುವುದಿಲ್ಲ. ಓಣಂ ತಿಂಗಳ 5,000 ಹೆಚ್ಚಾಯಿತು ಎನ್ನುವವರು, ರಜೆಯೇ ಇಲ್ಲದ ಆಷಾಢದ ದಿನಗಳಲ್ಲಿ ತಮಗೆ 400 ರೂಪಾಯಿ ಕಡಿಮೆ ಬಿದ್ದದ್ದನ್ನು ಗಮನಿಸಿರುವುದಿಲ್ಲ.

ನಷ್ಟವಾಗುವುದು ಈ ಎರಡು ದಾರಿಗಳನ್ನು ಬೆರೆಸಿದಾಗ. ತಿಂಗಳಿಗೆ 5,000 ಎಂದು ಗೊತ್ತುಮಾಡಿ, ರಜೆ ಬಂದಾಗ 26ರಿಂದ ಭಾಗಿಸಿ ದಿನಕ್ಕೆ 192 ರೂಪಾಯಿ 30 ಪೈಸೆಯಂತೆ ಕಳೆಯುತ್ತ ಹೋದರೆ, 13 ರಜೆಗಳಿಗೆ 2,500 ರೂಪಾಯಿ ಹೋಗುತ್ತದೆ. ನಾಲ್ಕು ಮಕ್ಕಳಿದ್ದರೆ ವರ್ಷಕ್ಕೆ 10,000, ಅಂದರೆ ಒಂದು ಮಗುವನ್ನು ಎರಡು ತಿಂಗಳು ಪುಕ್ಕಟೆಯಾಗಿ ನೋಡಿಕೊಂಡಂತೆ. ಹೀಗೆ ಬೆರೆಸುವುದು ಹೆಚ್ಚಾಗಿ ಯಾರ ದುರುದ್ದೇಶದಿಂದಲೂ ಅಲ್ಲ. ಹೊಸದಾಗಿ ಮಗುವನ್ನು ಬಿಡಲು ಬಂದ ತಾಯಿ "ರಜೆ ಇದ್ದರೆ ಕಡಿಮೆ ಮಾಡ್ತೀರಲ್ಲ ಟೀಚರೇ?" ಎಂದು ಕೇಳಿದಾಗ, ಮುಖ ನೋಡಿ ಇಲ್ಲ ಎನ್ನಲಾರದೆ ಹೂಂ ಎಂದುಬಿಡುವುದರಿಂದ. ನೆರೆಕರೆಯವರ ಬಳಿ ಹಣದ ಮಾತಾಡಲು ನಮ್ಮಲ್ಲಿ ಇರುವ ಸಂಕೋಚ ದೊಡ್ಡದು, ಮಕ್ಕಳನ್ನು ನೋಡಿಕೊಳ್ಳುವುದು ಹೆಂಗಸರಿಗೆ ಸಹಜವಾಗಿ ಬರುವ ಕೆಲಸ, ಅದಕ್ಕೆಂಥ ಲೆಕ್ಕ ಎಂಬ ಭಾವನೆಯೂ ಅದರ ಹಿಂದಿದೆ. ಈ ಭಾವನೆಯನ್ನು ನಾನು ಒಪ್ಪುವುದಿಲ್ಲ. ಇದು ಬೆಳಗ್ಗಿನಿಂದ ಸಂಜೆಯವರೆಗೆ ಕಣ್ಣು ಮಿಟುಕಿಸದೆ ಮಾಡುವ ದುಡಿಮೆ, ಇದಕ್ಕೆ ಬೇರೆಲ್ಲ ದುಡಿಮೆಗಳಂತೆಯೇ ಬೆಲೆಯುಂಟು.

ಹಾಗಾದರೆ ಯಾವ ದಾರಿ ಒಳ್ಳೆಯದು? ಹೆತ್ತವರಿಗೆ ತಿಂಗಳ ಸಂಬಳ ಬರುವ ಮನೆಗಳಲ್ಲಿ ತಿಂಗಳ ಶುಲ್ಕವೇ, ರಜೆಯನ್ನು ಒಳಗೊಂಡೇ, ಇಬ್ಬರಿಗೂ ಹಿತ. ಆದರೆ ಬೀಡಿ ಕಟ್ಟುವ, ಅಡಿಕೆ ತೋಟದಲ್ಲಿ ಕೂಲಿಗೆ ಹೋಗುವ, ಗೇರುಬೀಜದ ಕೆಲಸ ಮಾಡುವ ತಾಯಂದಿರಿಗೆ ಕೆಲಸವಿಲ್ಲದ ದಿನ ಕೂಲಿಯೂ ಇಲ್ಲ. ಅವರಿಂದ ರಜೆಯ ದಿನದ ಹಣ ಕೇಳಿದರೆ ದುಡಿಮೆಯಿಲ್ಲದ ದಿನ ಖರ್ಚನ್ನೂ ಹೇರಿದಂತಾಗುತ್ತದೆ. ಅಂಥವರಿಗೆ ದಿನಕ್ಕೆ 200ರ ದಾರಿಯೇ ಸರಿ, ಅಲ್ಲಿ ಏರಿಳಿತದ ಭಾರವನ್ನು ನೋಡಿಕೊಳ್ಳುವವರು ಹೊರುತ್ತಾರೆ. ಒಂದೇ ಮನೆಯಲ್ಲಿ ಎರಡು ಬಗೆಯ ಶುಲ್ಕ ಇರುವುದರಲ್ಲಿ ತಪ್ಪೇನೂ ಇಲ್ಲ, ವರ್ಷದ ಮೊತ್ತ ಒಂದೇ ಎಂದು ಇಬ್ಬರಿಗೂ ತೋರಿಸಿಕೊಡುವಂತಿರಬೇಕು. ಅರ್ಧ ಶುಲ್ಕದ ರೂಢಿ ಮೇಲುನೋಟಕ್ಕೆ ಮಧ್ಯದ ದಾರಿಯಂತೆ ಕಂಡರೂ ಅದರಿಂದ ಲೆಕ್ಕ ಕಲಸಿಹೋಗುವುದೇ ಹೆಚ್ಚು. ನಾನದನ್ನು ಸಲಹೆ ಮಾಡುವುದಿಲ್ಲ.

ಗಡಿಯ ಈ ಭಾಗದಲ್ಲಿ ಇನ್ನೊಂದು ತೊಡಕಿದೆ, ಅದು ಬೇರೆ ಊರಿನವರಿಗೆ ಸುಲಭವಾಗಿ ಅರ್ಥವಾಗದು. ನಮ್ಮಲ್ಲಿ ರಜೆಯ ಪಟ್ಟಿಗಳು ಎರಡು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಮಂಜೇಶ್ವರದಿಂದ ಇನ್ನೂ ಹತ್ತಿರ. ತಾಯಿ ಮಂಗಳೂರಿನ ಬ್ಯಾಂಕಿನಲ್ಲಿ, ತಂದೆ ಕಾಸರಗೋಡಿನ ಸರ್ಕಾರಿ ಕಚೇರಿಯಲ್ಲಿ ಇರುವ ಮನೆಗಳು ಬೇಕಾದಷ್ಟಿವೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಈ ಪ್ರದೇಶ ಕೇರಳಕ್ಕೆ ಸೇರಿತು. ಅದೇ ನವೆಂಬರ್ 1 ಕರ್ನಾಟಕದಲ್ಲಿ ರಾಜ್ಯೋತ್ಸವದ ರಜೆ, ಕೇರಳದಲ್ಲಿ ರಾಜ್ಯ ಹುಟ್ಟಿದ ದಿನವಾದರೂ ಕೆಲಸದ ದಿನ. ಆ ದಿನ ತಾಯಿಗೆ ರಜೆ, ತಂದೆಗಿಲ್ಲ. ತಿರುವೋಣಂ ದಿನ ತಂದೆಗೆ ರಜೆ, ತಾಯಿಗಿಲ್ಲ. ಚಾಂದ್ರಮಾನ ಯುಗಾದಿಗೆ ಮಂಗಳೂರಿನ ಕಚೇರಿಗಳು ಮುಚ್ಚುತ್ತವೆ. ನಮ್ಮ ಮನೆಗಳಲ್ಲಿ ಬಿಸು (ಸೌರಮಾನ ಯುಗಾದಿ) ಕಣಿ ಇಡುವ ದಿನ ಏಪ್ರಿಲ್ 14 ಆದರೆ ಅಂಬೇಡ್ಕರ್ ಜಯಂತಿಯ ನೆಪದಲ್ಲಿ ಅಲ್ಲಿಯೂ ರಜೆ, 15 ಆದರೆ ಇಲ್ಲ. ನರಕ ಚತುರ್ದಶಿ, ಬಲಿಪಾಡ್ಯಮಿ ಎಂದು ದೀಪಾವಳಿಗೆ ಕರ್ನಾಟಕದಲ್ಲಿ ಎರಡು ದಿನ, ಕೇರಳದಲ್ಲಿ ಒಂದು. ಕನಕದಾಸ ಜಯಂತಿ, ವಾಲ್ಮೀಕಿ ಜಯಂತಿ ಅಲ್ಲಿ. ಮನ್ನಂ ಜಯಂತಿ, ಶ್ರೀನಾರಾಯಣ ಗುರು ಜಯಂತಿ ಮತ್ತು ಸಮಾಧಿ ದಿನ, ಅಯ್ಯಂಕಾಳಿ ಜಯಂತಿ ಇಲ್ಲಿ. ಗಣೇಶ ಚತುರ್ಥಿ ಕರ್ನಾಟಕದಲ್ಲಿ ರಾಜ್ಯವ್ಯಾಪಿ ರಜೆ. ಕೇರಳದಲ್ಲಿ ಅದು ಕಾಸರಗೋಡು ಜಿಲ್ಲೆಗೆ ಸ್ಥಳೀಯ ರಜೆಯಾಗಿ ಬರುವುದುಂಟು. ಈದ್ ಚಂದ್ರದರ್ಶನದ ಮೇಲೆ ನಿಂತಿರುವುದರಿಂದ ಹಿಂದಿನ ದಿನ ರಾತ್ರಿಯವರೆಗೂ ತಾರೀಕು ಖಚಿತವಿರುವುದಿಲ್ಲ.

ಇನ್ನು ಕೇರಳ ಸರ್ಕಾರದ ಪಟ್ಟಿಯನ್ನೇ ಹಿಡಿದರೂ ಅದು ಒಂದಲ್ಲ: ಸರ್ಕಾರಿ ಕಚೇರಿಗಳ ಸಾರ್ವತ್ರಿಕ ರಜೆಗಳು ಒಂದು ಕಡೆ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಂತೆ ಬ್ಯಾಂಕುಗಳಿಗೆ ಅನ್ವಯಿಸುವ ರಜೆಗಳು ಇನ್ನೊಂದು ಕಡೆ, ನೌಕರರು ಬೇಕಿದ್ದರೆ ಆಯ್ದು ಪಡೆಯುವ ನಿರ್ಬಂಧಿತ ರಜೆಗಳು ಮತ್ತೊಂದು ಕಡೆ. ಆದ್ದರಿಂದ "ಸಾರ್ವಜನಿಕ ರಜೆಗಳಂದು ಮನೆ ಮುಚ್ಚಿರುತ್ತದೆ" ಎಂದಷ್ಟೇ ಹೇಳುವುದು ನಮ್ಮಲ್ಲಿ ಏನನ್ನೂ ಹೇಳದಿರುವುದಕ್ಕೆ ಸಮ. ಯಾವ ರಾಜ್ಯದ, ಯಾವ ಪಟ್ಟಿಯ ರಜೆ ಎಂಬ ವಾದಕ್ಕೆ ಅದೇ ದಾರಿ ಮಾಡಿಕೊಡುತ್ತದೆ.

ಸ್ವಉದ್ಯೋಗಿಯಾಗಿರುವುದರ ಪ್ರಯೋಜನ ಕಾಣುವುದು ಇಲ್ಲೇ. ಯಾವ ಸರ್ಕಾರದ ಪಟ್ಟಿಯನ್ನೂ ಪೂರ್ತಿಯಾಗಿ ಅನುಸರಿಸಬೇಕಾಗಿಲ್ಲ. ಹನ್ನೆರಡೋ ಹದಿಮೂರೋ ದಿನಗಳ ತಮ್ಮದೇ ಪಟ್ಟಿಯನ್ನು ಮಾಡಿಕೊಳ್ಳಬಹುದು. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ ಎರಡೂ ರಾಜ್ಯಗಳಲ್ಲಿ ರಜೆಯಾದ್ದರಿಂದ ಅವು ಮೊದಲು ಬರಲಿ. ಬಿಸು, ಚೌತಿ, ದೀಪಾವಳಿ, ಊರ ಜಾತ್ರೆ ಅಥವಾ ಉರೂಸ್, ಕ್ರಿಸ್ಮಸ್, ಈದ್, ಹೀಗೆ ತಮ್ಮ ಮನೆಯ ಮತ್ತು ಮಕ್ಕಳ ಮನೆಗಳ ಹಬ್ಬಗಳನ್ನು ನೋಡಿ ಉಳಿದವನ್ನು ಸೇರಿಸಬೇಕು. ಮಂಗಳೂರಿಗೆ ಹೋಗುವ ಹೆತ್ತವರೇ ಹೆಚ್ಚಿದ್ದು, ಮನೆಯಲ್ಲಿ ಓಣಂ ಆಚರಣೆ ಇಲ್ಲವಾದರೆ, ಓಣಂಗೆ ಬಾಗಿಲು ತೆರೆದಿಟ್ಟು ಬದಲಿಗೆ ಯುಗಾದಿಗೆ ಮುಚ್ಚಬಹುದು. ಪಟ್ಟಿಯಲ್ಲಿ ತಾರೀಕಿಗಿಂತ ಹಬ್ಬದ ಹೆಸರನ್ನು ಬರೆಯುವುದು ಒಳ್ಳೆಯದು, ಈದ್ ಒಂದು ದಿನ ಆಚೀಚೆಯಾದರೂ ಗೊಂದಲವಾಗದು. ಪಟ್ಟಿಯ ಹಬ್ಬ ಭಾನುವಾರ ಬಂದರೆ ಅದಕ್ಕೆ ಬದಲಿ ರಜೆ ಇಲ್ಲವೆಂದೂ ಬರೆಯಬೇಕು. ಬ್ರಿಟನ್ನಿನಲ್ಲಿ ವಾರಾಂತ್ಯಕ್ಕೆ ಬಿದ್ದ ರಜೆಗೆ ಮುಂದಿನ ಕೆಲಸದ ದಿನವನ್ನು ಬದಲಾಗಿ ಕೊಡುವ ಪದ್ಧತಿಯಿದೆ, ನಮ್ಮಲ್ಲಿ ಆ ರೂಢಿಯಿಲ್ಲ.

ಹೀಗೆ ಪಟ್ಟಿ ಇಟ್ಟುಕೊಂಡರೆ ರಜೆಯ ದಿನದ ಪ್ರಶ್ನೆ ಮೂರು ಬೇರೆ ಬೇರೆ ಪ್ರಶ್ನೆಗಳಾಗಿ ಬಿಡಿಸಿಕೊಳ್ಳುತ್ತದೆ, ಮತ್ತು ಮೂರಕ್ಕೂ ಉತ್ತರ ಒಂದೇ ಆಗಿರಬೇಕಾಗಿಲ್ಲ. ಪಟ್ಟಿಯಲ್ಲಿರುವ ದಿನ ಮನೆ ಮುಚ್ಚಿದರೆ ತಿಂಗಳ ಶುಲ್ಕದಲ್ಲಿ ಕಡಿತವಿಲ್ಲ, ಏಕೆಂದರೆ ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದಾಗಿದೆ. ಪಟ್ಟಿಯಲ್ಲಿಲ್ಲದ ದಿನ, ಉದಾಹರಣೆಗೆ ನವೆಂಬರ್ 1ರಂದು, ಮನೆ ತೆರೆದಿದ್ದು ಹೆತ್ತವರೇ ಮಗುವನ್ನು ಕರೆತಾರದಿದ್ದರೆ ಆಗಲೂ ಕಡಿತವಿಲ್ಲ, ಜಾಗ ಅವರಿಗಾಗಿ ಕಾದಿತ್ತು. ಆದರೆ ಪಟ್ಟಿಯಲ್ಲಿಲ್ಲದ ದಿನ ನೋಡಿಕೊಳ್ಳುವವರೇ ತಮ್ಮ ಕಾರಣಕ್ಕಾಗಿ, ನೆಂಟರ ಮನೆಯ ಮದುವೆಗೋ ಅಸೌಖ್ಯದಿಂದಲೋ, ಮುಚ್ಚಿದರೆ ಆ ದಿನದ ಹಣವನ್ನು ಕಳೆಯಲೇಬೇಕು. ಹೆತ್ತವರು ಅಂದು ಬೇರೆ ವ್ಯವಸ್ಥೆಗೆ ಪರದಾಡಿ, ಅದಕ್ಕೂ ಹಣ ಕೊಟ್ಟು, ಇಲ್ಲಿಗೂ ಕೊಡಬೇಕೆನ್ನುವುದು ಅನ್ಯಾಯ. ಕೆಲವರು ಇದನ್ನು ಬಿಟ್ಟುಕೊಡಲು ಮನಸ್ಸು ಮಾಡುವುದಿಲ್ಲ. ಆದರೆ ಇಲ್ಲಿ ಬಿಗಿಹಿಡಿದವರ ಮಾತಿಗೆ ಮೊದಲೆರಡು ಸಂದರ್ಭಗಳಲ್ಲೂ ಬೆಲೆ ಉಳಿಯುವುದಿಲ್ಲ.

ಪಟ್ಟಿಯಲ್ಲಿರುವ ರಜೆಯ ದಿನವೇ ಮಗುವನ್ನು ನೋಡಿಕೊಳ್ಳಬೇಕಾದ ಸಂದರ್ಭವೂ ಬರುತ್ತದೆ. ಆಸ್ಪತ್ರೆಯ ನರ್ಸುಗಳು, ಪೊಲೀಸರು, ಬಸ್ಸಿನ ಕಂಡಕ್ಟರುಗಳು ಹಬ್ಬದ ದಿನವೂ ಕೆಲಸಕ್ಕೆ ಹೋಗಬೇಕು. ತಿಂಗಳ ಶುಲ್ಕ ಪಡೆಯುವವರು ಅಂದು ಮನೆ ತೆರೆದರೆ ಇನ್ನೊಂದು ದಿನದ ಶುಲ್ಕವನ್ನು, ನಮ್ಮ ಉದಾಹರಣೆಯಲ್ಲಿ 200 ರೂಪಾಯಿಯನ್ನು, ಹೆಚ್ಚಾಗಿ ಪಡೆಯುವುದು ಸರಿ. ತಿಂಗಳ ಹಣದಲ್ಲಿ ಆ ದಿನದ ಪಾಲು ಮೊದಲೇ ಸೇರಿದೆ, ಈಗ ಇನ್ನೊಂದು ಪಾಲು ಸೇರಿ ಒಟ್ಟು ಇಮ್ಮಡಿಯಾಗುತ್ತದೆ. ನೌಕರರಿಗಾಗಿ ಎರಡೂ ರಾಜ್ಯಗಳ ಕಾಯ್ದೆಗಳು ಹೇಳುವ ತತ್ತ್ವವೇ ಇದು. ಹೆಚ್ಚುವರಿ ಹಣ ಬೇಡವೆಂದರೆ ಬದಲಿಗೆ ಇನ್ನೊಂದು ದಿನ ಮುಚ್ಚುವುದಕ್ಕೂ ಒಪ್ಪಿಕೊಳ್ಳಬಹುದು. ಅಂದು ತೆರೆಯಲೇಬೇಕೆಂಬ ಬಾಧ್ಯತೆ ಮಾತ್ರ ನೋಡಿಕೊಳ್ಳುವವರಿಗಿಲ್ಲ, ಮೊದಲೇ ಕೇಳಿ ಒಪ್ಪಿಗೆ ಪಡೆದಿರಬೇಕು.

ಮಳೆಗಾಲದ ರಜೆ ಇವೆಲ್ಲಕ್ಕಿಂತ ಹೆಚ್ಚು ತಲೆನೋವಿನದು. ಜೂನ್‌ನಿಂದ ಆಗಸ್ಟ್‌ವರೆಗೆ ರೆಡ್ ಅಲರ್ಟ್ ಬಂದಾಗ ಜಿಲ್ಲಾಧಿಕಾರಿಗಳು ಶಾಲೆ, ಅಂಗನವಾಡಿ, ಮದ್ರಸ, ಟ್ಯೂಷನ್ ಕೇಂದ್ರಗಳಿಗೆ ಹಿಂದಿನ ಸಂಜೆ ರಜೆ ಘೋಷಿಸುತ್ತಾರೆ. ಆ ಘೋಷಣೆ ಕಚೇರಿ, ಬ್ಯಾಂಕು, ಆಸ್ಪತ್ರೆಗಳಿಗೆ ಅನ್ವಯಿಸುವುದಿಲ್ಲ. ಅಂದರೆ ಹೆತ್ತವರಿಗೆ ಮಗುವನ್ನು ಬಿಡುವ ಮನೆ ಅತ್ಯಂತ ಅಗತ್ಯವಾಗುವ ದಿನ ಅದೇ. ಅಷ್ಟೇ ಅಲ್ಲ, ಶಾಲೆಗೆ ಹೋಗುವ ಅಣ್ಣನನ್ನೋ ಅಕ್ಕನನ್ನೋ ಕೂಡ ಅಂದು ಇಲ್ಲಿಯೇ ಬಿಡಬೇಕಾಗುತ್ತದೆ. ಮಕ್ಕಳ ಸಂಖ್ಯೆ ಒಮ್ಮೆಲೇ ಹೆಚ್ಚಾದರೆ ಸಣ್ಣವರ ಮೇಲಿನ ಗಮನ ಕಡಿಮೆಯಾಗುತ್ತದೆ, ಆದ್ದರಿಂದ ಎಷ್ಟು ಮಂದಿಯನ್ನು ಹೆಚ್ಚಾಗಿ ಸೇರಿಸಿಕೊಳ್ಳಬಹುದು ಎಂಬುದಕ್ಕೆ ನೋಡಿಕೊಳ್ಳುವವರು ಮಿತಿ ಹಾಕಿಕೊಳ್ಳಲೇಬೇಕು, ಹೆಚ್ಚುವರಿ ಮಗುವಿಗೆ ಆ ದಿನದ ಶುಲ್ಕವನ್ನೂ ಪಡೆಯಬೇಕು. ಮನೆ ತೆರೆದಿದ್ದೂ ಮಳೆಗೆ ಹೆದರಿ ಹೆತ್ತವರು ಮಗುವನ್ನು ತಾರದಿದ್ದರೆ ಕಡಿತವಿಲ್ಲ. ಹೊಳೆ ಉಕ್ಕಿ, ಗುಡ್ಡ ಜರಿದು ಮನೆಯನ್ನೇ ಮುಚ್ಚಬೇಕಾಗಿ ಬಂದರೆ ತಪ್ಪು ಯಾರದೂ ಅಲ್ಲ. ಇಂಥ ದಿನಗಳ ನಷ್ಟವನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳುವುದು ನನಗೆ ಸರಿಯೆನಿಸುತ್ತದೆ. ಅರ್ಧ ಶುಲ್ಕಕ್ಕೆ ಅರ್ಥವಿರುವುದು ಇಲ್ಲಿ ಮಾತ್ರ.

ಹರತಾಳದ ದಿನಗಳಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಕೇರಳ ಹೈಕೋರ್ಟು 1997ರಲ್ಲಿ ಬಂದ್ ಸಂವಿಧಾನಬಾಹಿರವೆಂದು ತೀರ್ಪಿತ್ತಿತು, 2019ರ ಜನವರಿಯಲ್ಲಿ ಹರತಾಳಕ್ಕೆ ಏಳು ದಿನಗಳ ಮುನ್ಸೂಚನೆ ಬೇಕೆಂದಿತು. ಆದರೂ ಬಸ್ಸಿಲ್ಲದ ದಿನ ಬಸ್ಸಿಲ್ಲದ ದಿನವೇ. ಮನೆ ತೆರೆದಿದ್ದರೆ ಶುಲ್ಕವುಂಟು.

ದೀರ್ಘಕಾಲ ಮುಚ್ಚಬೇಕಾಗುವ ಸಂದರ್ಭವನ್ನು ರಜೆ ಎಂದು ಕರೆಯಲಾಗದು. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಈ ಕಡೆಯವರ ಮಂಗಳೂರಿನ ಕೆಲಸ, ಚಿಕಿತ್ಸೆ ಎಲ್ಲವೂ ನಿಂತುಹೋದದ್ದನ್ನು ಯಾರೂ ಮರೆತಿಲ್ಲ. ಅಂಥ ಸಮಯದಲ್ಲಿ ತಿಂಗಳುಗಟ್ಟಲೆ ಪೂರ್ತಿ ಶುಲ್ಕ ಕೇಳುವುದು ಸಾಧ್ಯವಿಲ್ಲ. ಕರಾರು ನಡೆಸುವುದು ಅಸಾಧ್ಯವಾದರೆ ಅದು ರದ್ದಾಗುತ್ತದೆ ಎಂದು ಕರಾರು ಕಾಯ್ದೆಯ 56ನೇ ಕಲಮೂ, ಹಾಗೆ ರದ್ದಾದಾಗ ಪಡೆದ ಲಾಭವನ್ನು ಹಿಂದಿರುಗಿಸಬೇಕೆಂದು 65ನೇ ಕಲಮೂ ಹೇಳುತ್ತವೆ. ಒಂದು ವಾರಕ್ಕಿಂತ ಹೆಚ್ಚು ಕಾಲ ಇಬ್ಬರ ಕೈಮೀರಿದ ಕಾರಣದಿಂದ ಮುಚ್ಚಿದರೆ ಆಮೇಲಿನ ದಿನಗಳಿಗೆ ಜಾಗ ಕಾದಿರಿಸುವಷ್ಟೇ ಸಣ್ಣ ಮೊತ್ತ, ಒಂದು ತಿಂಗಳಾದ ಮೇಲೆ ಅದೂ ಇಲ್ಲ, ಎಂದು ಮೊದಲೇ ಬರೆದಿಡಬಹುದು.

ವಾರದಲ್ಲಿ ಕೆಲವೇ ದಿನ ಬರುವ ಮಕ್ಕಳ ವಿಷಯವನ್ನು ಎಲ್ಲರೂ ಮರೆಯುತ್ತಾರೆ. ಇಂಗ್ಲೆಂಡಿನಲ್ಲಿ ವರ್ಷದ ಎಂಟು ಸಾರ್ವಜನಿಕ ರಜೆಗಳಲ್ಲಿ ನಾಲ್ಕು ಸಾಮಾನ್ಯವಾಗಿ ಸೋಮವಾರವೇ ಬರುವುದರಿಂದ, ಸೋಮವಾರ ಬರುವ ಮಗುವಿನ ಹೆತ್ತವರು ಬಾಗಿಲು ಮುಚ್ಚಿದ ದಿನಗಳಿಗೆ ಇತರರಿಗಿಂತ ಹೆಚ್ಚು ಹಣ ಕೊಡಬೇಕಾಗುತ್ತದೆ. ನಮ್ಮ ಹಬ್ಬಗಳು ವಾರದ ಯಾವ ದಿನಕ್ಕಾದರೂ ಬೀಳುತ್ತವೆ; ಆದರೂ ವಾರಕ್ಕೆ ಮೂರೇ ದಿನ ಬರುವ ಮಗುವಿನ ದಿನಗಳಿಗೇ ಒಂದು ವರ್ಷ ಎಂಟೊಂಬತ್ತು ರಜೆಗಳು ಬಿದ್ದುಬಿಡಬಹುದು. ಆರು ದಿನಗಳ ವಾರಕ್ಕೆ 13 ರಜೆಯಾದರೆ ಮೂರು ದಿನಗಳ ಮಗುವಿನ ಪಾಲಿಗೆ ಆರೂವರೆ ದಿನ. ಅದಕ್ಕಿಂತ ಹೆಚ್ಚು ಬಿದ್ದರೆ ವಾರದ ಬೇರೊಂದು ದಿನ ಮಗುವನ್ನು ಬಿಡಲು ಅವಕಾಶ ಕೊಟ್ಟರೆ ಸಾಕು, ಹಣದ ಮಾತೇ ಬರುವುದಿಲ್ಲ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಯಬಹುದು. ಹೆತ್ತವರಿಗೆ ಯಾವ ಭಾಷೆ ಓದಲು ಬರುತ್ತದೋ ಆ ಭಾಷೆಯಲ್ಲಿ, ಕನ್ನಡವೋ ಮಲಯಾಳವೋ, ಎರಡು ಪ್ರತಿ ಮಾಡಿ ಇಬ್ಬರೂ ಸಹಿ ಹಾಕಿ ಒಂದೊಂದನ್ನು ಇಟ್ಟುಕೊಳ್ಳಲಿ. ವಾಕ್ಯಗಳು ಹೀಗೆ ನೇರವಾಗಿರಲಿ: "ತಿಂಗಳ ಶುಲ್ಕ 5,000 ರೂಪಾಯಿ. ಇದರಲ್ಲಿ ಕೆಳಗೆ ಬರೆದ 13 ರಜೆಗಳ ಶುಲ್ಕ ಸೇರಿದೆ. ಈ ರಜೆಗಳಿಗಾಗಿ ಅಥವಾ ಮಗು ಬಾರದ ಬೇರೆ ದಿನಗಳಿಗಾಗಿ ಶುಲ್ಕ ಕಡಿಮೆಯಾಗುವುದಿಲ್ಲ. ಪಟ್ಟಿಯಲ್ಲಿಲ್ಲದ ದಿನ ನಾನು ಮನೆ ಮುಚ್ಚಿದರೆ ದಿನಕ್ಕೆ 200 ರೂಪಾಯಿಯಂತೆ ಮುಂದಿನ ತಿಂಗಳ ಶುಲ್ಕದಲ್ಲಿ ಕಳೆಯುತ್ತೇನೆ." ಮುಂಗಡ ಪಡೆಯುವುದಿದ್ದರೆ ಅದು ಒಂದು ತಿಂಗಳ ಶುಲ್ಕವನ್ನು ಮೀರದಿರಲಿ, ಗ್ರಾಹಕರಿಂದ ವಿಪರೀತ ಠೇವಣಿ ಕೇಳುವ ಕರಾರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರುಗಳ ಸಾಲಿಗೆ ಸೇರಿಸುತ್ತದೆ.

ಈಗಾಗಲೇ ಮಕ್ಕಳನ್ನು ನೋಡಿಕೊಳ್ಳುತ್ತಿದ್ದು, ಇದುವರೆಗೆ ರಜೆಯ ಹಣ ಪಡೆಯದವರು ನಡುವೆ ಒಮ್ಮೆಲೇ ನಿಯಮ ಬದಲಿಸಬಾರದು. ಒಪ್ಪಿದ ಮಾತನ್ನು ಒಬ್ಬರೇ ಬದಲಾಯಿಸಲು ಬರುವುದಿಲ್ಲ, ಹೋದ ಹಬ್ಬದ ಹಣವನ್ನು ಈಗ ಕೇಳುವುದಂತೂ ಸಲ್ಲದು. ಜೂನ್‌ನಲ್ಲಿ ಶಾಲೆಗಳು ತೆರೆಯುವ ಹೊತ್ತು ಇದಕ್ಕೆ ಅನುಕೂಲ. ಕನಿಷ್ಠ ಒಂದು ತಿಂಗಳು ಮೊದಲು ಹೊಸ ಹಾಳೆಯನ್ನು ಕೊಟ್ಟು, ವರ್ಷದ ಲೆಕ್ಕವನ್ನು ಎದುರಿಗೆ ಕೂತು ತೋರಿಸಿದರೆ ಹೆಚ್ಚಿನ ಹೆತ್ತವರು ಒಪ್ಪುತ್ತಾರೆ. ಒಪ್ಪದವರಿಗೆ ದಿನದ ಲೆಕ್ಕದ ದಾರಿ ಇದ್ದೇ ಇದೆ.

ವರ್ಷದ ನಡುವೆ ಮಗು ಬಿಟ್ಟುಹೋದಾಗ ಏನು ಮಾಡಬೇಕೆಂಬುದು ಉಳಿಯಿತು. ತಿಂಗಳ ಶುಲ್ಕ ವರ್ಷದ ಸರಾಸರಿಯಾದ್ದರಿಂದ, ರಜೆಗಳಿಲ್ಲದ ತಿಂಗಳುಗಳಲ್ಲಷ್ಟೇ ಇದ್ದು ಹೋದವರು ಕಡಿಮೆ ಕೊಟ್ಟಿರುತ್ತಾರೆ, ಹಬ್ಬದ ತಿಂಗಳಲ್ಲಿ ಬಂದು ಹೋದವರು ಹೆಚ್ಚು ಕೊಟ್ಟಿರುತ್ತಾರೆ. ಜೂನ್, ಜುಲೈ ಎರಡೇ ತಿಂಗಳು ಇದ್ದ ಮಗುವಿಗೆ ಮನೆ 26 ಮತ್ತು 27, ಒಟ್ಟು 53 ದಿನ ತೆರೆದಿತ್ತು ಎಂದುಕೊಂಡರೆ ದಿನದ ಲೆಕ್ಕದಲ್ಲಿ 10,600 ಆಗಬೇಕಿತ್ತು, ಕೊಟ್ಟದ್ದು 10,000. ಐದು ರಜೆಗಳಿದ್ದ ಒಂದೇ ತಿಂಗಳು ಇದ್ದ ಮಗುವಿನ ಹೆತ್ತವರು 4,200ಕ್ಕೆ ಬದಲು 5,000 ಕೊಟ್ಟಿದ್ದಾರೆ. ಮೂರು ತಿಂಗಳೊಳಗೆ ಬಿಡುವವರಿಗೆ ಮಾತ್ರ ಮನೆ ತೆರೆದಿದ್ದ ದಿನಗಳನ್ನು ಎಣಿಸಿ 200ರಿಂದ ಗುಣಿಸಿ, ವ್ಯತ್ಯಾಸವನ್ನು ಕೊಟ್ಟು ತೆಗೆದುಕೊಳ್ಳುವುದು ಸರಿ. ಅದಕ್ಕಿಂತ ಹೆಚ್ಚು ಕಾಲ ಇದ್ದವರಲ್ಲಿ ವ್ಯತ್ಯಾಸ ತಾನಾಗಿ ಕರಗುತ್ತ ಹೋಗುವುದರಿಂದ ಅದನ್ನು ಹಿಡಿಯಬೇಕಾಗಿಲ್ಲ. ಈ ಮಾತನ್ನೂ ಅದೇ ಹಾಳೆಯ ಕೊನೆಯಲ್ಲಿ, ಬಿಡುವ ಮೊದಲು ಕೊಡಬೇಕಾದ ಒಂದು ತಿಂಗಳ ಮುನ್ಸೂಚನೆಯ ಪಕ್ಕದಲ್ಲಿ, ಬರೆದಿಡಬೇಕು.